‘ಮೂರು ಹೊಂಗೆಕಾಯಿ ಕೊಡು’ ಎಂದು ಕೇಳುವ ಮೇಲ್ವಿಚಾರಕಿ ಬೇಕು

ಮಹಿಳಾ ಮತ್ತು ಮಕ್ಕಳ ಅಭಿವೃದ್ಧಿ ಇಲಾಖೆಯ ಮಾನ್ಯ ಸಚಿವರಿಗೆ,
ಕರ್ನಾಟಕ ಸರ್ಕಾರ, ವಿಧಾನಸೌಧ, ಬೆಂಗಳೂರು.



2024ರ ಜುಲೈನಲ್ಲಿ ಬೆಂಗಳೂರಿನ 250 ಅಂಗನವಾಡಿಗಳನ್ನು ತಮ್ಮ ಇಲಾಖೆ ‘ಸರ್ಕಾರಿ ಮಾಂಟೆಸ್ಸರಿ’ಗಳನ್ನಾಗಿ ಮಾಡಿದಾಗ, ಪ್ರಾಥಮಿಕ ಶಾಲೆಯಲ್ಲಿ ಪಾಠ ಹೇಳಿ ನಿವೃತ್ತಳಾದ ನನಗೆ ನಿಜವಾಗಿಯೂ ಸಂತೋಷವಾಯಿತು. ನಮ್ಮ ಗೋವಿಂದರಾಜನಗರದ ಪರಿಸ್ಥಿತಿ ತಮಗೆ ಗೊತ್ತಿರುವುದೇ. ಕಾಮಾಕ್ಷಿಪಾಳ್ಯದ ಸಣ್ಣ ಕಾರ್ಖಾನೆಗಳಲ್ಲಿ ದುಡಿಯುವವರು, ಗಾರ್ಮೆಂಟ್ಸ್‌ಗೆ ಹೋಗುವ ತಾಯಂದಿರು, ವಿಜಯನಗರ, ಚಂದ್ರಾ ಲೇಔಟ್‌ ಮನೆಗಳಲ್ಲಿ ಕೆಲಸ ಮಾಡುವವರು ಸಾಲ ಮಾಡಿಯಾದರೂ ಮಗುವನ್ನು ಎಲ್‌ಕೆಜಿಗೆ ಸೇರಿಸುತ್ತಾರೆ. ಅದೇ ಕಲಿಕೆ ಬೀದಿಯ ಅಂಗನವಾಡಿಯಲ್ಲೇ ಸಿಗುವುದಾದರೆ ಅದಕ್ಕಿಂತ ದೊಡ್ಡ ಉಪಕಾರ ಇಲ್ಲ. ಆದರೆ ಕಾನ್ವೆಂಟಿನಿಂದ ನಾವು ಏನನ್ನು ತಂದುಕೊಳ್ಳುತ್ತಿದ್ದೇವೆ ಎಂಬುದೇ ನನ್ನ ಚಿಂತೆ. ಸಮವಸ್ತ್ರ ಬರಲಿ, ಬ್ಯಾಗು ಬರಲಿ. ನಾಲ್ಕು ವರ್ಷದ ಮಗುವಿನ ಕೈಗೆ ಚೌಕುಳಿ ಪುಸ್ತಕ ಕೊಟ್ಟು ಒಂದರಿಂದ ನೂರು ಬರೆಸುವ ಪದ್ಧತಿ ಬರುವುದು ಬೇಡ. ಅದನ್ನು ಬೇಡಿಕೊಳ್ಳಲೆಂದೇ ಈ ಪತ್ರ.

ಮೂರು ವರ್ಷದ ಬಹಳಷ್ಟು ಮಕ್ಕಳು ಹತ್ತರವರೆಗೆ, ಕೆಲವರು ಇಪ್ಪತ್ತರವರೆಗೂ ಪಟಪಟನೆ ಹೇಳುತ್ತಾರೆ. ಮನೆಗೆ ಬಂದ ನೆಂಟರೆದುರು ಹೇಳಿಸಿ ಅಪ್ಪ ಅಮ್ಮ ಹಿಗ್ಗುತ್ತಾರೆ. ಅದೇ ಮಗುವಿನ ಮುಂದೆ ಒಂದಷ್ಟು ಗುಂಡಿಗಳನ್ನಿಟ್ಟು ‘ಮೂರು ಕೊಡು ಪುಟ್ಟಾ’ ಎನ್ನಿ. ಮುಷ್ಟಿಗೆ ಸಿಕ್ಕಷ್ಟನ್ನು ಬಾಚಿ ಕೊಡುತ್ತದೆ. ಮಗು ದಡ್ಡ ಎಂದಲ್ಲ. ಹಾಡಿನಂತೆ ಸಂಖ್ಯೆಗಳನ್ನು ಒಪ್ಪಿಸುವುದು ಬೇರೆ, ಎಣಿಸುವುದು ಬೇರೆ. ಅಮೆರಿಕದ ಮನೋವಿಜ್ಞಾನಿಗಳಾದ ರೊಚೆಲ್ ಗೆಲ್ಮನ್ ಮತ್ತು ರ‍್ಯಾಂಡಿ ಗ್ಯಾಲಿಸ್ಟೆಲ್ ಎಣಿಕೆಯ ಒಳಗೆ ಏನೇನು ಅಡಗಿದೆ ಎಂದು 1978ರಷ್ಟು ಹಿಂದೆಯೇ ಬಿಡಿಸಿಟ್ಟರು. ಒಂದು ವಸ್ತುವಿಗೆ ಒಂದೇ ಸಂಖ್ಯೆ ಸಲ್ಲಬೇಕು. ಸಂಖ್ಯೆಗಳ ಸಾಲು ಪ್ರತಿ ಸಲವೂ ಅದೇ ಕ್ರಮದಲ್ಲಿ ಬರಬೇಕು. ಕೊನೆಗೆ ಹೇಳಿದ ಸಂಖ್ಯೆಯೇ ಒಟ್ಟು ಎಷ್ಟು ಎಂಬುದಕ್ಕೆ ಉತ್ತರ ಎಂದು ಹೊಳೆಯಬೇಕು. ಎಲ್ಲಿಂದ ಶುರುಮಾಡಿ ಎಣಿಸಿದರೂ ಮೊತ್ತ ಬದಲಾಗದು, ಲೋಟವನ್ನಾಗಲಿ ಚಪ್ಪಾಳೆಯನ್ನಾಗಲಿ ಯಾವುದನ್ನೂ ಎಣಿಸಬಹುದು ಎಂಬುದೂ ತಿಳಿಯಬೇಕು. ನಮಗೆ ಉಸಿರಾಟದಷ್ಟು ಸಲೀಸಾದ ಇವು ಮಗುವಿಗೆ ಒಂದೊಂದೂ ಬೆಟ್ಟ.

1990ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ ಮನೋವಿಜ್ಞಾನಿ ಕರೆನ್ ವಿನ್ ಮಕ್ಕಳ ಮುಂದೆ ಆಟಿಕೆಗಳನ್ನಿಟ್ಟು ‘ಇಷ್ಟು ಕೊಡು’ ಎಂದು ಕೇಳುತ್ತಾ ಹೋದರು. ಮಗು ಮೊದಲು ‘ಒಂದು’ ಎಂದರೆ ಎಷ್ಟೆಂದು ತಿಳಿಯುತ್ತದೆ. ಎಷ್ಟೋ ತಿಂಗಳ ಮೇಲೆ ‘ಎರಡು’, ಇನ್ನಷ್ಟು ತಿಂಗಳಿಗೆ ‘ಮೂರು’. ಆಮೇಲೆ ಎಣಿಸುವುದರ ಉದ್ದೇಶವೇ ಅರ್ಥವಾಗಿ, ಐದು ಕೇಳಿದರೂ ಆರು ಕೇಳಿದರೂ ತಾನೇ ಎಣಿಸಿ ಕೊಡುತ್ತದೆ. ಮುಂದಿನ ಕೂಡುವುದು, ಕಳೆಯುವುದು, ಮಗ್ಗಿ ಎಲ್ಲವೂ ನಿಲ್ಲುವುದು ಈ ತಿಳಿವಿನ ಮೇಲೆ. ಬೇಗ ಬರಲಿ ಎಂದು ಬೈದರೂ ಬರೆಸಿದರೂ ಬಾರದು. ವಸ್ತುಗಳನ್ನು ಮುಟ್ಟಿ, ಸರಿಸಿ, ಹಂಚಿ, ತಪ್ಪಿ, ಮತ್ತೆ ಎಣಿಸಿದರೆ ಮಾತ್ರ ಬರುತ್ತದೆ.

ಬರೆಯುವ ಪುಸ್ತಕ ಇದನ್ನೆಲ್ಲ ಮುಚ್ಚಿಬಿಡುತ್ತದೆ. ‘47’ನ್ನು ಅಂದವಾಗಿ ಬರೆಯುವ ಮಗುವಿಗೆ ಏಳು ಎಂದರೆ ಎಷ್ಟೆಂದು ಗೊತ್ತಿಲ್ಲದಿರಬಹುದು, ಪುಟ ಮಾತ್ರ ತುಂಬಿರುತ್ತದೆ. ಒಂದನೇ ತರಗತಿಗೆ ಬಂದ ಇಂಥ ಮಕ್ಕಳು ಐದಕ್ಕೆ ಎರಡು ಕೂಡಿಸುವಾಗ ಕಕ್ಕಾಬಿಕ್ಕಿಯಾಗುವುದನ್ನು ವರ್ಷವರ್ಷವೂ ಕಂಡಿದ್ದೇನೆ. ಹೆಗ್ಗಡದೇವನಕೋಟೆಯಲ್ಲಿ 1995ರಲ್ಲಿ ಆರಂಭವಾದ ನಲಿಕಲಿ ಇಂದು ಸರ್ಕಾರಿ ಶಾಲೆಗಳ ಮೊದಲ ತರಗತಿಗಳ ಪದ್ಧತಿಯೇ ಆಗಿದೆ. ಅಲ್ಲಿ ಚಟುವಟಿಕೆಯಿಂದ ಕಲಿಯಬೇಕಾದ ಮಗುವನ್ನು ಅದಕ್ಕೂ ಮೊದಲೇ ಬರೆಸಿ ಬರೆಸಿ ಸುಸ್ತುಮಾಡುವುದು ಯಾವ ನ್ಯಾಯ?

ಮಾಂಟೆಸ್ಸರಿ ಎಂಬ ಹೆಸರನ್ನು ತಾವೇ ಆರಿಸಿಕೊಂಡಿದ್ದೀರಿ. ಮಾರಿಯಾ ಮಾಂಟೆಸ್ಸರಿ 1907ರಲ್ಲಿ ತಮ್ಮ ಮೊದಲ ಮಕ್ಕಳ ಮನೆಯನ್ನು ತೆರೆದದ್ದು ಶ್ರೀಮಂತರ ಬಡಾವಣೆಯಲ್ಲಿ ಅಲ್ಲ. ರೋಮ್ ನಗರದ ಸಾನ್ ಲೊರೆಂಜೊ ಎಂಬ ಬಡ ಕಾರ್ಮಿಕರ ಕೇರಿಯಲ್ಲಿ, ತಂದೆ ತಾಯಿ ದುಡಿಯಲು ಹೋದಾಗ ನೋಡುವವರಿಲ್ಲದ ಮಕ್ಕಳಿಗಾಗಿ. ಆ ಪದ್ಧತಿಯಲ್ಲಿ ಎಣಿಕೆಗೊಂದು ಪೆಟ್ಟಿಗೆ ಇದೆ. ಸೊನ್ನೆಯಿಂದ ಒಂಬತ್ತರವರೆಗೆ ಗುರುತು ಮಾಡಿದ ಹತ್ತು ಖಾನೆಗಳು, 45 ಕಡ್ಡಿಗಳು. ಒಂದರ ಖಾನೆಗೆ ಒಂದು, ಎರಡರದಕ್ಕೆ ಎರಡು, ಹೀಗೆ ಒಂಬತ್ತರವರೆಗೆ ಹಾಕಿದರೆ ಕಡ್ಡಿಗಳು ಸರಿಯಾಗಿ ಮುಗಿಯುತ್ತವೆ. ಎಲ್ಲಾದರೂ ತಪ್ಪಿದರೆ ಕೊನೆಯಲ್ಲಿ ಕಡಿಮೆ ಬೀಳುತ್ತದೆ, ಇಲ್ಲವೇ ಉಳಿಯುತ್ತದೆ. ‘ತಪ್ಪು’ ಎಂದು ಯಾರೂ ಗದರಬೇಕಿಲ್ಲ, ಮಗುವೇ ಹಿಂದಕ್ಕೆ ಹೋಗಿ ಹುಡುಕುತ್ತದೆ. ಸೊನ್ನೆಯ ಖಾನೆಯಲ್ಲಿ ಏನೂ ಇಲ್ಲ ಎಂಬುದನ್ನು ಕಣ್ಣಾರೆ ನೋಡುತ್ತದೆ. ಇದಕ್ಕೆ ದೊಡ್ಡ ಟೆಂಡರ್ ಬೇಕಿಲ್ಲ. ಹತ್ತು ಹಳೆಯ ಡಬ್ಬಿಗಳು, ಎಣಿಸಿಟ್ಟ ಐಸ್‌ಕ್ರೀಮ್ ಕಡ್ಡಿಗಳು ಸಾಕು.

ಇನ್ನೂ ಹೇಳುವುದಾದರೆ, ಎಣಿಕೆಯ ಪಾಠ ಅಂಗನವಾಡಿಯ ದಿನಚರಿಯಲ್ಲೇ ಇದೆ. ಕ್ಷೀರಭಾಗ್ಯದ ಹಾಲು ಹಂಚುವಾಗ ಸಹಾಯಕಿ ತಾನೇ ಲೋಟಗಳನ್ನಿಡುವ ಬದಲು, ‘ಎಲ್ಲರಿಗೂ ಒಂದೊಂದು ಲೋಟ ಇಡು’ ಎಂದು ಒಂದು ಮಗುವಿಗೆ ಹೇಳಲಿ. ಎರಡು ಲೋಟ ಸಾಲದೆ ಬಂದಾಗ ‘ಇನ್ನೆಷ್ಟು ತರಬೇಕು?’ ಎಂದು ಕೇಳಲಿ. ಮೊಟ್ಟೆಯ ದಿನ ತಟ್ಟೆಗೊಂದು ಮೊಟ್ಟೆ. ಆ ಮಗು ಮನೆಯಲ್ಲಿ ತೆಲುಗೋ ತಮಿಳೋ ಉರ್ದುವೋ ಮಾತಾಡುತ್ತಿದ್ದರೆ ಮೊದಮೊದಲು ಆ ಭಾಷೆಯಲ್ಲೇ ಎಣಿಸಲಿ. ಎಷ್ಟು ಎಂಬುದು ಒಮ್ಮೆ ತಿಳಿದರೆ ಕನ್ನಡದಲ್ಲೂ ಇಂಗ್ಲಿಷಿನಲ್ಲೂ ಹೇಳುವುದು ಕಷ್ಟವಲ್ಲ.

ಅಳಗುಳಿಮಣೆ ಆಡಿದ ನಮ್ಮ ಅಜ್ಜಿಯರು ಗುಳಿಗೊಂದರಂತೆ ಬೀಜ ಬಿಡುತ್ತಾ ಇದನ್ನೇ ಮಾಡಿಸುತ್ತಿದ್ದರು. ಮನೋವಿಜ್ಞಾನಿಗಳಾದ ಗೀತಾ ರಮಣಿ ಮತ್ತು ರಾಬರ್ಟ್ ಸೀಗ್ಲರ್ ಇಂಥದೇ ಆಟದ ಬಗ್ಗೆ 2008ರಲ್ಲಿ ಪ್ರಕಟಿಸಿದ ಅಧ್ಯಯನ ಅಮೆರಿಕದ ಬಡ ಕುಟುಂಬಗಳ ಪುಟ್ಟ ಮಕ್ಕಳ ಮೇಲೆ ನಡೆದದ್ದು. ಒಂದರಿಂದ ಹತ್ತರವರೆಗೆ ಮನೆಗಳಿರುವ ನೇರ ಪಟ್ಟಿಯ ಮೇಲೆ ಕಾಯಿ ನಡೆಸುವ ಆಟ. ನಡೆಸುವಾಗ ಆಯಾ ಮನೆಯ ಸಂಖ್ಯೆಯನ್ನು ಜೋರಾಗಿ ಹೇಳಬೇಕು. ಎರಡು ವಾರಗಳಲ್ಲಿ ಒಟ್ಟು ಒಂದು ಗಂಟೆಯಷ್ಟು ಆಡಿದ ಮಕ್ಕಳ ಸಂಖ್ಯಾಜ್ಞಾನ ಎದ್ದು ಕಾಣುವಷ್ಟು ಬೆಳೆಯಿತು, ಒಂಬತ್ತು ವಾರಗಳ ನಂತರವೂ ಉಳಿದಿತ್ತು. ಸಂಖ್ಯೆಯ ಬದಲು ಬಣ್ಣಗಳಿದ್ದ ಪಟ್ಟಿಯಲ್ಲಿ ಆಡಿದವರಿಗೆ ಆ ಲಾಭ ಸಿಗಲಿಲ್ಲ. ಅಂಗನವಾಡಿಯ ನೆಲದ ಮೇಲೆ ಸೀಮೆಸುಣ್ಣದಿಂದ ಹತ್ತು ಮನೆ ಬರೆದು ಕವಡೆ ಹಾಕಿಸಲು ಎಷ್ಟು ಖರ್ಚಾದೀತು?

ಹೀಗೆಂದು ನಾನು ಕಾರ್ಯಕರ್ತೆಯರನ್ನು ದೂರುತ್ತಿಲ್ಲ. ಬಾಡಿಗೆ ಕೋಣೆಯಲ್ಲಿ ಅಡುಗೆ ಸಾಮಾನು, ತೂಕದ ಯಂತ್ರ, ಮಕ್ಕಳು ಎಲ್ಲವೂ ಒಟ್ಟಿಗೆ. ಫೋನಿನ ಪೋಷಣ್ ಟ್ರ್ಯಾಕರ್ ಆ್ಯಪ್‌ಗೆ ಮಾಹಿತಿ ತುಂಬಬೇಕು, ಸಮೀಕ್ಷೆಗೆ ಓಡಬೇಕು, ಮತದಾರರ ಪಟ್ಟಿಯ ಕೆಲಸವೂ ಎಷ್ಟೋ ಮಂದಿಯ ಹೆಗಲಿಗೆ. ಈ ಗಡಿಬಿಡಿಯಲ್ಲಿ ಬರೆಯಲು ಕೂರಿಸುವುದೊಂದೇ ಸುಲಭದ ದಾರಿ. ಪೋಷಕರು ನೋಡುವುದು ಪುಸ್ತಕವನ್ನು, ಮೇಲ್ವಿಚಾರಕಿ ನೋಡುವುದೂ ಅದನ್ನೇ. ಮಗು ಹನ್ನೊಂದು ಗಂಟೆಗೆ ಲೋಟ ಹಂಚಿ ಕಲಿತದ್ದು ಯಾವ ದಾಖಲೆಗೂ ಸೇರುವುದಿಲ್ಲ.

ಆದ್ದರಿಂದ ನನ್ನ ಮುಖ್ಯ ಬೇಡಿಕೆ ಒಂದೇ: ಮೇಲ್ವಿಚಾರಕಿಯರು ಭೇಟಿಯಲ್ಲಿ ಕೇಳುವ ಪ್ರಶ್ನೆಯನ್ನು ಬದಲಿಸಿ. ಟಿ. ನರಸೀಪುರದಲ್ಲಿ 1975ರಲ್ಲಿ ಅಂಗನವಾಡಿ ಯೋಜನೆ ಕರ್ನಾಟಕಕ್ಕೆ ಬಂದಾಗಿನಿಂದ ಮಗುವಿನ ತೂಕವನ್ನು ಕಣ್ಣಂದಾಜಿನಲ್ಲಿ ಹೇಳದೆ ತಕ್ಕಡಿಗೆ ಹಾಕಿ ನೋಡುವ ಶಿಸ್ತನ್ನು ತಮ್ಮ ಇಲಾಖೆ ಬೆಳೆಸಿಕೊಂಡಿದೆ. ಎಣಿಕೆಯನ್ನೂ ಹಾಗೆಯೇ ನೋಡಬಹುದು. ಮೇಲ್ವಿಚಾರಕಿ ಬಂದಾಗ ಪುಸ್ತಕ ತೆರೆಸದೆ ಮಗುವಿನ ಪಕ್ಕ ನೆಲದ ಮೇಲೆ ಕೂತು, ‘ಎರಡು ಕೊಡು, ಮೂರು ಕೊಡು, ಐದು ಕೊಡು’ ಎಂದು ಕೇಳಲಿ. ಮಗುವಿಗೆ ಎರಡು ನಿಮಿಷ ಸಾಕು. ಎಷ್ಟರವರೆಗೆ ಕೊಟ್ಟಿತು ಎಂದು ತೂಕದ ಪಕ್ಕದಲ್ಲೇ ಬರೆದುಕೊಳ್ಳಲಿ. ಅಂಕ ಬೇಡ, ಪಾಸು-ಫೇಲು ಬೇಡ. ಮುಂದೆ ಯಾವ ಆಟ ಆಡಿಸಬೇಕೆಂದು ಕಾರ್ಯಕರ್ತೆಗೆ ತಿಳಿದರೆ ಸಾಕು. ಕೇಳುವ ಪ್ರಶ್ನೆ ಬದಲಾದ ದಿನವೇ ಬರೆಸುವ ಒತ್ತಡವೂ ಸಡಿಲವಾಗುತ್ತದೆ.

ಜೊತೆಗೆ ದಿನಕ್ಕೆ ಒಂದು ಗಂಟೆಯಾದರೂ ಕಾರ್ಯಕರ್ತೆಯನ್ನು ಫೋನಿನಿಂದಲೂ ಅನ್ಯ ಕೆಲಸಗಳಿಂದಲೂ ಬಿಡಿಸಿ ಮಕ್ಕಳಿಗೆ ಮೀಸಲಿಡಿ. ಬೀಜ ಮೂಗಿಗೋ ಬಾಯಿಗೋ ಹೋದೀತೆಂಬ ಭಯ ನ್ಯಾಯವಾದದ್ದು. ದೊಡ್ಡ ಹೊಂಗೆಕಾಯಿ, ಕಾಡುಬಾದಾಮಿ ಕಾಯಿ, ದೊಡ್ಡ ಡಬ್ಬಿಗಳ ಮುಚ್ಚಳಗಳನ್ನು ಬಳಸಿದರಾಯಿತು, ಆಗಲೂ ದೊಡ್ಡವರೊಬ್ಬರು ಪಕ್ಕದಲ್ಲಿರಲಿ.

ಮುಂದಿನ ಜೂನ್‌ಗೆ ಮೊದಲು ಈ ಬಗ್ಗೆ ಒಂದು ಸುತ್ತೋಲೆ ಹೊರಡಿಸಬೇಕೆಂದು ಕೋರುತ್ತೇನೆ. ಮೊದಲು ಗೋವಿಂದರಾಜನಗರದ ಅಂಗನವಾಡಿಗಳಲ್ಲೇ ಒಂದು ವರ್ಷ ಮಾಡಿ ನೋಡಿ. ಕಡ್ಡಿ, ಡಬ್ಬಿ, ಮುಚ್ಚಳಗಳನ್ನು ನಮ್ಮ ಬೀದಿಯ ಮನೆಗಳಿಂದ ಸಂಗ್ರಹಿಸಿ, ತೊಳೆದು, ಅಂಗನವಾಡಿಯ ಬಾಲವಿಕಾಸ ಸಮಿತಿಗೆ ತಲುಪಿಸುವ ಹೊಣೆ ನನ್ನದು.

ಇತಿ ತಮ್ಮ ವಿಶ್ವಾಸಿ,
ನಿವೃತ್ತ ಪ್ರಾಥಮಿಕ ಶಾಲಾ ಶಿಕ್ಷಕಿ,
ಗೋವಿಂದರಾಜನಗರ, ಬೆಂಗಳೂರು