ಮತ್ತೆ ಮತ್ತೆ ನಿಲ್ಲುವ ಅಭ್ಯರ್ಥಿ ಮತ್ತು ಅಧಿಕಾರವೆಂಬ ಅಮಾನತ್

ಕಾವೇರಿ ನದಿ ಕರ್ನಾಟಕವನ್ನು ದಾಟಿದ ಬಳಿಕ ಸಿಗುವ ಮೆಟ್ಟೂರಿನಲ್ಲಿ ಕೆ. ಪದ್ಮರಾಜನ್ ಎಂಬವರು ಟೈರ್ ದುರಸ್ತಿ ಅಂಗಡಿ ನಡೆಸುತ್ತಾರೆ. 1988ರಿಂದ 2024ರ ಲೋಕಸಭಾ ಚುನಾವಣೆಯವರೆಗೆ ಅವರು 230ಕ್ಕೂ ಹೆಚ್ಚು ಬಾರಿ ನಾಮಪತ್ರ ಸಲ್ಲಿಸಿದ್ದರು. ಒಮ್ಮೆಯೂ ಗೆಲ್ಲಲಿಲ್ಲ. 2011ರಲ್ಲಿ ಮೆಟ್ಟೂರು ವಿಧಾನಸಭಾ ಕ್ಷೇತ್ರದಲ್ಲಿ ದೊರೆತ 6,273 ಮತಗಳೇ ಅವರ ಹೆಚ್ಚಿನ ಗಳಿಕೆ. ನಮ್ಮ ರಾಜ್ಯದಲ್ಲೂ 'ಹೊಟ್ಟೆ ಪಕ್ಷ'ದ ರಂಗಸ್ವಾಮಿಯವರು 80ಕ್ಕೂ ಹೆಚ್ಚು ಬಾರಿ ಸ್ಪರ್ಧಿಸಿ ಸೋತವರು.

ಸಾಮಾನ್ಯನೊಬ್ಬ ಪ್ರಧಾನಿಯ ಎದುರೂ ನಿಲ್ಲಬಲ್ಲನೆಂಬುದು ಪ್ರಜಾಪ್ರಭುತ್ವದ ಹಿರಿಮೆ. ಆದರೆ ಅದಕ್ಕೊಂದು ಬೆಲೆಯಿದೆ. 1996ರಲ್ಲಿ ಬೆಳಗಾವಿ ಲೋಕಸಭಾ ಕ್ಷೇತ್ರವೊಂದರಲ್ಲೇ 456 ಮಂದಿ ಕಣದಲ್ಲಿದ್ದರು. ಆ ಬಳಿಕ ಠೇವಣಿಯನ್ನು ಹೆಚ್ಚಿಸಲಾಯಿತು. ಈಗ ಸಾಮಾನ್ಯ ಅಭ್ಯರ್ಥಿಯು ಲೋಕಸಭೆಗೆ 25,000, ವಿಧಾನಸಭೆಗೆ 10,000 ರೂಪಾಯಿ ಕಟ್ಟಬೇಕು. ಸೋತವನಿಗೆ ಸಿಂಧು ಮತಗಳ ಆರನೇ ಒಂದು ಭಾಗಕ್ಕಿಂತ ಹೆಚ್ಚು ದೊರೆಯದಿದ್ದರೆ ಅದು ಮುಟ್ಟುಗೋಲಾಗುತ್ತದೆ. ಸಣ್ಣ ವ್ಯಾಪಾರಿಯ ಪಾಲಿಗೆ ಅದು ಅಂಗಡಿಯ ಬಂಡವಾಳ, ಮಡದಿ ಮಕ್ಕಳ ಹಕ್ಕು.

ಹಾಗಾದರೆ ಅಧಿಕಾರವನ್ನು ಬಯಸುವುದೇ ತಪ್ಪೇ? ಪದವಿಯನ್ನು ಕೇಳಿ ಪಡೆಯಬೇಡಿರೆಂದು ಪ್ರವಾದಿವರ್ಯರು(ಸ) ಅಬ್ದುರ್ರಹ್ಮಾನ್ ಬಿನ್ ಸಮುರಾ(ರ)ರಿಗೆ ಉಪದೇಶಿಸಿದ್ದರು. ಪರಮ ಧರ್ಮನಿಷ್ಠರಾದ ಅಬೂದರ್ರ್(ರ)ರು ಹೊಣೆಗಾರಿಕೆ ಕೇಳಿದಾಗಲೂ, ಅದೊಂದು ಅಮಾನತ್, ಅದನ್ನು ಹೊರಲು ನೀವು ದುರ್ಬಲರೆಂದು ತಿಳಿಹೇಳಿದರು. ಆದರೆ ಪ್ರವಾದಿ ಯೂಸುಫ್(ಅ)ರು ಈಜಿಪ್ಟಿನ ಉಗ್ರಾಣಗಳ ಹೊಣೆಯನ್ನು ತಾವಾಗಿಯೇ ಕೇಳಿದ್ದನ್ನು ಪವಿತ್ರ ಕುರ್‌ಆನ್ (12:55) ತಿಳಿಸುತ್ತದೆ. ಕ್ಷಾಮ ಬರಲಿತ್ತು; ಧಾನ್ಯವನ್ನು ಕಾಪಾಡುವ ಪ್ರಾಮಾಣಿಕತೆಯೂ ಜ್ಞಾನವೂ ಅವರಲ್ಲಿದ್ದವು. ಇವುಗಳನ್ನು ಜೊತೆಗಿಟ್ಟು ನೋಡಿದರೆ, ಭಕ್ತಿಯೊಂದೇ ಅರ್ಹತೆಯಲ್ಲ, ಹಂಬಲವಂತೂ ಅಲ್ಲವೇ ಅಲ್ಲ ಎಂಬುದು ಸ್ಪಷ್ಟವಾಗುತ್ತದೆ. ಜನರ ಅಗತ್ಯ ಮತ್ತು ಅದನ್ನು ನೀಗಿಸುವ ಸಾಮರ್ಥ್ಯ ಇವೆರಡೇ ಮಾನದಂಡ.

ಈ ಮಾತು ದೆಹಲಿಗಿಂತ ಹೆಚ್ಚಾಗಿ ನಮ್ಮ ಕಡಕೊಳದಂತಹ ಊರುಗಳಿಗೆ ಅನ್ವಯಿಸುತ್ತದೆ. ನಂಜನಗೂಡು ರಸ್ತೆಯ ಈ ಊರು ಕೈಗಾರಿಕೆಗಳಿಂದ ಬೆಳೆದು ಪಟ್ಟಣ ಪಂಚಾಯಿತಿಯಾಯಿತು. ಇಂತಹ ಊರಿನ ವಾರ್ಡಿನಲ್ಲಿ ಕೆಲವೇ ಮತಗಳು ಫಲಿತಾಂಶವನ್ನು ಬದಲಿಸಬಲ್ಲವು. ಬೀದಿಯ ಅಂಗಡಿಯವನೊಬ್ಬ ಎರಡನೇ, ಮೂರನೇ ಬಾರಿ ನಿಂತರೆ ನಾವು ನಗುತ್ತೇವೆ. ಇಲ್ಲವೇ ಮತ ಒಡೆಯಲು ಬಂದವನೆಂದು ದೂರುತ್ತೇವೆ. ಎರಡೂ ಅವಸರದ ತೀರ್ಪು. ಸೋತ ಮರುದಿನವೂ ಅವನು ಚರಂಡಿಗಾಗಿ, ಪಡಿತರ ಚೀಟಿಗಾಗಿ ಜನರೊಂದಿಗೆ ಕಚೇರಿಗೆ ಅಲೆದನೇ? ಸ್ಪರ್ಧಿಸುವ ಮೊದಲು ನೆರೆಹೊರೆಯವರೊಡನೆ ಸಮಾಲೋಚಿಸಿದನೇ? ಹಣಕ್ಕಾಗಿ ನಾಮಪತ್ರ ಹಿಂಪಡೆದ ಕಳಂಕ ಅವನಿಗಿಲ್ಲವೇ? ಇವುಗಳಿಗೆ ಸಿಗುವ ಉತ್ತರದಿಂದ ಅವನನ್ನು ಅಳೆಯೋಣ.

ಐದು ವರ್ಷವೂ ಕಾಣದೆ, ಚುನಾವಣೆ ಬಂದಾಗ ಮಾತ್ರ ಭಿತ್ತಿಪತ್ರದಲ್ಲಿ ಕಾಣಿಸಿಕೊಳ್ಳುವವನಿಗೆ, ಅವನು ನಮ್ಮವನೇ ಆಗಿದ್ದರೂ, ಬೇಡವೆಂದು ಪ್ರೀತಿಯಿಂದ ಹೇಳುವ ಧೈರ್ಯ ಕುಟುಂಬಕ್ಕೂ ಜಮಾಅತ್‌ಗೂ ಇರಬೇಕು. ಸೇವೆ ಮಾಡುತ್ತಲೇ ಸೋತವನನ್ನಾದರೋ ಗೌರವಿಸಬೇಕು. ಅಮಾನತ್ತನ್ನು ಅರ್ಹರಿಗೆ ಒಪ್ಪಿಸಬೇಕೆಂಬ ಅಲ್ಲಾಹನ ಆದೇಶ (4:58) ಅಭ್ಯರ್ಥಿಗಷ್ಟೇ ಸೀಮಿತವಲ್ಲ. ಮತವೂ ಒಂದು ಅಮಾನತ್. ಅದರ ಲೆಕ್ಕವನ್ನು ನಾಳೆ ನಾವೂ ಕೊಡಬೇಕಾಗಿದೆ.