ಇಳಿಯಲಾಗದ ಬಂದರು

ಇಳಕಲ್ಲಿನ ಓದುಗರೊಬ್ಬರು ಪತ್ನೀಸಮೇತರಾಗಿ, ಅಮೆರಿಕದಲ್ಲಿರುವ ಮಗನೊಡನೆ ಸಿಯಾಟಲ್‌ನಿಂದ ಅಲಾಸ್ಕಕ್ಕೆ ಹಡಗಿನಲ್ಲಿ ಹೋಗಿಬರಲಿದ್ದಾರೆ. ಕೆನಡದ ಬಂದರೊಂದರ ಮುಂದೆ ‘ತಾಂತ್ರಿಕ ನಿಲುಗಡೆ’ ಎಂದಿದೆಯಂತೆ. ಅಲ್ಲಿ ಇಳಿಯಬಹುದೇ ಎಂದು ಕೇಳಿದ್ದಾರೆ.

ಇಳಿಯುವಂತಿಲ್ಲ. ಒಂಟಿ ಹಳಿಯ ದಿನಗಳಲ್ಲಿ ಬಾಗಲಕೋಟೆ–ಬಾದಾಮಿಗಳ ನಡುವೆ ಗಾಡಿ ಎದುರುಗಾಡಿಗಾಗಿ ಕಾಯುತ್ತಿದ್ದುದನ್ನು ನೆನೆಯಿರಿ. ಆ ನಿಲುಗಡೆ ಗಾಡಿಯದು, ನಮ್ಮದಲ್ಲ. ಹಡಗೂ ಎಣ್ಣೆಗೋ ನೀರಿಗೋ ಕಾನೂನಿಗೋ ಹಾಗೆ ನಿಲ್ಲುವುದುಂಟು. 1886ರ ಅಮೆರಿಕದ ಕಾಯಿದೆಯ ಪ್ರಕಾರ, ವಿದೇಶೀ ಬಾವುಟದ ಹಡಗು ಸಿಯಾಟಲ್‌ನಲ್ಲಿ ಹತ್ತಿದವರನ್ನು ಅಲಾಸ್ಕ ತೋರಿಸಿ ಮರಳಿ ತರಬೇಕಾದರೆ ನಡುವೆ ಪರದೇಶದ ಬಂದರೊಂದನ್ನು ಮುಟ್ಟಲೇಬೇಕು. ಇಂತಹ ಹಡಗುಗಳಲ್ಲಿ ಬಹುಪಾಲು ಬಹಾಮಾ, ಪನಾಮಾ ಮುಂತಾದ ದೇಶಗಳ ಬಾವುಟದವು!

ಆದರೆ ಓದುಗರು ಕೇಳದೆ ಬಿಟ್ಟ ಪ್ರಶ್ನೆಯೇ ದೊಡ್ಡದು. ಇಳಿಯುವುದಿಲ್ಲವೆಂದು ಕೆನಡದ ವೀಸಾವನ್ನು ಅಲಕ್ಷಿಸಬೇಡಿ. ಭಾರತದ ಪಾಸ್‌ಪೋರ್ಟಿನವರಿಗೆ ಹಡಗಿನಲ್ಲೇ ಕುಳಿತಿದ್ದರೂ ಅದು ಬೇಕಾದೀತು. ಹಣ ಕಟ್ಟುವ ಮುನ್ನವೇ ವಿಚಾರಿಸಿರಿ. ಮಗ ಅಮೆರಿಕದ ಪ್ರಜೆಯಾಗಿದ್ದರೆ ಅವನಿಗೆ ಆ ತೊಡಕಿಲ್ಲ. ದಡದಲ್ಲಿ ಉಳಿಯುವವರು ನೀವಿಬ್ಬರೇ.