ಕುಸನೂರಿನಲ್ಲಿ ಗಿಡ ಕಿತ್ತವರು ಯಾರು?

ಸುದ್ದಿಗಾಗಿ ನನ್ನ ವಾಟ್ಸಾಪ್‌ಗೆ ದಿನವೂ ಸಮಾಜಸೇವೆಯ ಫೋಟೊ ಬರುತ್ತವೆ. ನೋಟ್‌ಬುಕ್ ವಿತರಣೆ, ಕಂಬಳಿ ವಿತರಣೆ, ರೋಗಿಗಳಿಗೆ ಹಣ್ಣು. ಒಂದು ಬಾಳೆಹಣ್ಣಿಗೆ ಆರು ಕೈ. ಕೊಡುವವರ ಹೆಸರು ಎಡದಿಂದ ಬಲಕ್ಕೆ ಬರೆದಿರುತ್ತದೆ, ತೆಗೆದುಕೊಂಡವರ ಹೆಸರು ಇರುವುದಿಲ್ಲ.

ಅಮೆರಿಕದ ಇತಿಹಾಸಕಾರ ಜೇಮ್ಸ್ ಮ್ಯಾಕ್‌ಗ್ರೆಗರ್ ಬರ್ನ್ಸ್ 1978ರಲ್ಲಿ ನಾಯಕತ್ವದ ಬಗ್ಗೆ ಒಂದು ಪುಸ್ತಕ ಬರೆದ. ನಾಯಕರಲ್ಲಿ ಎರಡು ಬಗೆ ಎಂದ. ಒಬ್ಬ ಕೊಟ್ಟು ತಗೊಳ್ಳುವವ, ಕೆಲಸ ಕೊಟ್ಟು ವೋಟು ಪಡೆಯುವ ಹಾಗೆ. ಇನ್ನೊಬ್ಬ ಜನರನ್ನೂ ಬದಲಿಸಿ ತಾನೂ ಬದಲಾಗುವವ. ಈ ಎರಡನೆಯವನನ್ನು ನೋಡಲು ಅಮೆರಿಕಕ್ಕೆ ಹೋಗಬೇಕಿಲ್ಲ, ನಮ್ಮ ಪಕ್ಕದ ಹಾನಗಲ್ಲ ತಾಲ್ಲೂಕಿನ ಕುಸನೂರು ಸಾಕು.

1984ರಲ್ಲಿ ಸರ್ಕಾರ ಮತ್ತು ಹರಿಹರ ಪಾಲಿಫೈಬರ್ಸ್ ಸೇರಿ ಕರ್ನಾಟಕ ಪಲ್ಪ್‌ವುಡ್ ಎಂಬ ಕಂಪನಿ ಮಾಡಿದವು. ಸುಮಾರು 75 ಸಾವಿರ ಎಕರೆಯಲ್ಲಿ ಕಾರ್ಖಾನೆಗೆ ಬೇಕಾದ ನೀಲಗಿರಿ ಬೆಳೆಸುವ ಯೋಜನೆ ಅದು. ಆ ಜಮೀನು ಯಾವುದು? ದನ ಮೇಯುತ್ತಿದ್ದದ್ದು, ಹೆಣ್ಣುಮಕ್ಕಳು ಕಟ್ಟಿಗೆ ತರುತ್ತಿದ್ದದ್ದು, ಊರಿನ ಎಲ್ಲರದ್ದು. ನೀಲಗಿರಿ ಎಲೆಗೆ ದನ ಬಾಯಿ ಹಾಕುವುದಿಲ್ಲ ಎಂಬುದು ನಿಮಗೆ ಗೊತ್ತೇ ಇದೆ.

ಶಿಕಾಗೋದ ನೌಕರಿ ಬಿಟ್ಟು 1979ರಲ್ಲಿ ರಾಣೆಬೆನ್ನೂರು ತಾಲ್ಲೂಕಿನ ಮೆಡ್ಲೇರಿಗೆ ಬಂದು ಹಳ್ಳಿ ಕೆಲಸಕ್ಕೆ ಇಳಿದಿದ್ದ ಎಸ್.ಆರ್. ಹಿರೇಮಠರು ಮತ್ತು ಅವರ ಸಮಾಜ ಪರಿವರ್ತನ ಸಮುದಾಯ ಇದನ್ನು ಸುಪ್ರೀಂ ಕೋರ್ಟಿಗೆ ಒಯ್ದರು. ಶಿವರಾಮ ಕಾರಂತರೂ ಅರ್ಜಿದಾರರಾದರು. 1987ರ ಮಾರ್ಚ್‌ನಲ್ಲಿ ತಡೆಯಾಜ್ಞೆ ಸಿಕ್ಕಿತು. ಇಷ್ಟಕ್ಕೇ ನಿಂತಿದ್ದರೆ ಅದು ಒಳ್ಳೆಯ ವಕೀಲರ ಕಥೆ ಆಗುತ್ತಿತ್ತು, ಊರವರು ಪತ್ರಿಕೆಯಲ್ಲಿ ಓದಿ ಖುಷಿಪಡುತ್ತಿದ್ದರು.

ನಿಲ್ಲಲಿಲ್ಲ. ಅದೇ ವರ್ಷ ನವೆಂಬರ್ 14ರಂದು ಕುಸನೂರಿನಲ್ಲಿ ಸುಮಾರು ಎರಡು ಸಾವಿರ ಜನ ಸೇರಿದರು, ಹೆಣ್ಣು, ಗಂಡು, ಮಕ್ಕಳು. ಮೊದಲು ನೂರು ನೀಲಗಿರಿ ಸಸಿ ಕಿತ್ತರು, ಆಮೇಲೆ ಹಣ್ಣಿನ, ಮೇವಿನ ಗಿಡ ಹಚ್ಚಿದರು. ಸತ್ಯಾಗ್ರಹದ ಹೆಸರೇ ಕಿತ್ತಿಕೋ-ಹಚ್ಚಿಕೋ. (ಕಚೇರಿ ಕನ್ನಡದಲ್ಲಿ ಇಂಥ ಹೆಸರು ಹುಟ್ಟಲಾರದು.) 1991ರಲ್ಲಿ ಕಂಪನಿ ಮುಚ್ಚಿತು.

ನನಗೆ ದೊಡ್ಡದಾಗಿ ಕಾಣುವುದು ಕೋರ್ಟಿನ ಆದೇಶಕ್ಕಿಂತ ಆ ದಿನ. ಹಿರೇಮಠರ ತಂಡ ಕಾಗದಪತ್ರ, ಕಾನೂನು ತಿಳಿದವರನ್ನು ತಂದಿತು, ಗುದ್ದಲಿ ಊರವರ ಕೈಯಲ್ಲೇ ಇತ್ತು. ಅರ್ಜಿ ಹಿಡಿದು ಸಾಹೇಬರ ಬಾಗಿಲಲ್ಲಿ ನಿಲ್ಲುವ ಜನ ಅಂದು ಈ ನೆಲ ನಮ್ಮದು ಅಂತ ಹೇಳಿ ಅದರ ಮೇಲೆ ನಿಂತರು. ನೋಟ್‌ಬುಕ್ ಬೇಡ ಅಂತಲ್ಲ, ಬಡವರ ಮಗುವಿಗೆ ಅದೂ ಬೇಕು. ಆದರೆ ಮುಂದಿನ ವರ್ಷವೂ ಅದೇ ಮಗು ಅದೇ ಸಾಲಿನಲ್ಲಿ ನಿಂತಿರುತ್ತದಲ್ಲ, ಅದನ್ನು ಯಾವ ಸಂಘದವರೂ ಫೋಟೊದಲ್ಲಿ ತೋರಿಸುವುದಿಲ್ಲ.

ಬರುವ ಜೂನ್ 5ಕ್ಕೆ ನಿಮ್ಮೂರಿಗೂ ಯಾರಾದರೂ ಸಸಿ ಹೊತ್ತು ಬಂದಾರು. ಯಾವ ಗಿಡ ಬೇಕು, ಎಲ್ಲಿ ಬೇಕು, ಬೇಸಿಗೆಯಲ್ಲಿ ನೀರು ಹಾಕುವವರು ಯಾರು ಅಂತ ನಿಮ್ಮನ್ನು ಕೇಳಿದರೋ ಇಲ್ಲವೋ ನೋಡಿ. ಕೇಳದಿದ್ದರೆ ನೀವೇ ಕೇಳಿ, ಫೋಟೊ ತೆಗೆಯುವ ಮೊದಲು.